ಹತ್ತು ದಿನದ ರಜೆಗೆ ಒಂದು ದಿನದ ಪರೀಕ್ಷೆ

ಎಲ್ಲ ತಾಪತ್ರಯಕ್ಕೂ ಮೂಲ ಗೋಡೆಗೆ ಅಂಟಿಸಿದ ಒಂದು ಹಾಳೆ. ಅದನ್ನು ಬರೆದವನು ಕಂಪ್ಯೂಟರಣ್ಣ, ಅಂಟಿಸಿದವನೂ ಅವನೇ. ನಾಲ್ಕು ಮೂಲೆಗೂ ಟೇಪು ಹಚ್ಚಿ, ಎರಡು ಹೆಜ್ಜೆ ಹಿಂದೆ ಸರಿದು, ಮಗುವನ್ನು ಮೊದಲ ದಿನ ಶಾಲೆಗೆ ಬಿಟ್ಟ ತಂದೆಯ ಹಾಗೆ ಅದನ್ನೇ ನೋಡುತ್ತ ನಿಂತಿದ್ದ.

ಕಂಪ್ಯೂಟರಣ್ಣನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬಸ್ಸುಗಳಲ್ಲಿ ಜನ ಮರೆತುಹೋದ ಸಾಮಾನನ್ನೆಲ್ಲ ತಂದು ಜೋಡಿಸಿಟ್ಟು, ಹುಡುಕಿಕೊಂಡು ಬಂದವರಿಗೆ ಮರಳಿ ಕೊಡುವ ಕಚೇರಿ ಅದು. ಒಂದು ಉದ್ದನೆಯ ಹಜಾರ, ಮುಂದೆ ಕೌಂಟರು, ಹಿಂದೆ ಸಾಲು ಸಾಲು ಕಪಾಟು. ಕೊಡೆಗಳು ಬಾವಲಿಗಳ ಹಾಗೆ ತಲೆಕೆಳಗಾಗಿ ನೇತಾಡುತ್ತಿದ್ದವು. ಕನ್ನಡಕಗಳೆಲ್ಲ ಒಂದೇ ಗೂಡಿನಲ್ಲಿ ಕೂತು, ತಮ್ಮ ತಮ್ಮ ಮೂಗು ಯಾವಾಗ ಬರುತ್ತದೋ ಎಂದು ಬಾಗಿಲು ಕಾಯುತ್ತಿದ್ದವು. ಊಟದ ಡಬ್ಬಿಗಳಿದ್ದವು, ಒಂಟಿ ಬೂಟುಗಳಿದ್ದವು. ಒಂದು ಊರುಗೋಲೂ ಇತ್ತು. ಅದರ ಯಜಮಾನ ಅದಿಲ್ಲದೆ ಬಸ್ಸಿಳಿದು ಮನೆಗೆ ಹೇಗೆ ಹೋದ ಎಂಬುದು ಇವತ್ತಿಗೂ ಯಾರಿಗೂ ಬಗೆಹರಿದಿರಲಿಲ್ಲ.

ಯಾವ ಸಾಮಾನು ಯಾವ ಬಸ್ಸಿನಲ್ಲಿ ಸಿಕ್ಕಿತು, ಯಾವ ಗೂಡಿನಲ್ಲಿದೆ, ಯಾರು ಒಯ್ದರು ಎಂಬ ಲೆಕ್ಕವನ್ನೆಲ್ಲ ಇಡುತ್ತಿದ್ದುದು ಇಪ್ಪತ್ತು ವರ್ಷ ಹಳೆಯ ಒಂದು ಪ್ರೋಗ್ರಾಮು. ಅದನ್ನು ಮಾಡಿಕೊಟ್ಟವರು ಅಂಗಡಿ ಮುಚ್ಚಿ ಯಾವ ಕಾಲವಾಗಿತ್ತೋ. ಹೊಸ ಕಂಪ್ಯೂಟರಿಗೆ ಹಾಕಿದರೆ, ಮಲತಾಯಿ ಮನೆಗೆ ಬಂದ ಮಗುವಿನ ಹಾಗೆ ಅದು ಒಂದು ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತುಬಿಡುತ್ತಿತ್ತು. ಅದಕ್ಕೆ ತನ್ನ ಹಳೇ ಕಂಪ್ಯೂಟರೇ ಬೇಕು. ಹಳೇ ಕಂಪ್ಯೂಟರೋ, ವಾರಕ್ಕೆರಡು ಸಲ ಪ್ರಾಣ ಬಿಡುತ್ತಿತ್ತು. ಪ್ರತಿ ಸಲವೂ ಕಚೇರಿಗೆ ಕಚೇರಿಯೇ ಒಂದೇ ದನಿಯಲ್ಲಿ ಕೂಗುತ್ತಿತ್ತು: "ಕಂಪ್ಯೂಟರಣ್ಣಾ!"

ಹೀಗಾಗಿ ಆರು ವರ್ಷದಿಂದ ಅವನಿಗೆ ರಜೆ ಎಂಬುದಿರಲಿಲ್ಲ. ಹೆಂಡತಿ ಮಗಳ ಜೊತೆ ದೂರದ ಬೆಟ್ಟದೂರಿಗೆ ಒಂದು ಹಗಲು ಒಂದು ರಾತ್ರಿ ರೈಲಿನಲ್ಲಿ ಹೋಗಬೇಕು ಎಂದು ಮೂರು ಸಲ ಟಿಕೆಟ್ಟು ತೆಗೆದಿದ್ದ. ಮೊದಲ ಸಲ ಮನೆಯ ಬೀಗ ಹಾಕುವಾಗ ಫೋನು ಬಂತು. ಎರಡನೇ ಸಲ ಪ್ಲಾಟ್‌ಫಾರಂ ಮೇಲೆ. ಮೂರನೇ ಸಲ ರೈಲು ಹೊರಟು, ಮಗಳು ಮೇಲಿನ ಬರ್ತು ಹತ್ತಿ ಕೂತಾದ ಮೇಲೆ ಬಂತು. ಮುಂದಿನ ಸ್ಟೇಷನ್ನಿನಲ್ಲಿ ಮೂವರೂ ಇಳಿದು ವಾಪಸಾದರು. ಈಗ ನಾಲ್ಕನೇ ಸಲದ ಟಿಕೆಟ್ಟು ಕೈಯಲ್ಲಿತ್ತು. ರೈಲು ಮರುದಿನ ಬೆಳಗ್ಗೆ ಆರಕ್ಕೆ.

ಈ ಸಲ ಅವನು ಭದ್ರವಾಗಿ ತಯಾರಿ ಮಾಡಿದ್ದ. ಹೊಸ ಕಂಪ್ಯೂಟರಿನೊಳಗೆ ಒಂದು ವರ್ಚುವಲ್ ಮೆಷಿನ್ ಕಟ್ಟಿ, ಹಳೇ ಪ್ರೋಗ್ರಾಮನ್ನು ಅದರೊಳಗೆ ಕೂರಿಸಿದ್ದ. ಉಗ್ರಾಣ ನೋಡಿಕೊಳ್ಳುವ ಹಿರಿಯರೊಬ್ಬರಿದ್ದರು. ಕಚೇರಿಯಲ್ಲಿ ಎಲ್ಲರೂ ಅವರನ್ನು ಮಾವ ಅನ್ನುತ್ತಿದ್ದರು, ಅವರು ಎಲ್ಲ ಗಂಡಸರನ್ನೂ ಅಳಿಯಂದ್ರೇ ಅನ್ನುತ್ತಿದ್ದರು. ಅವರು ಕನ್ನಡಕ ಏರಿಸಿ, "ಅಳಿಯಂದ್ರೇ, ಇದೇನಿದು, ಕಂಪ್ಯೂಟರ್ ಒಳಗೆ ಕಂಪ್ಯೂಟರ್?" ಎಂದು ಕೇಳಿದ್ದರು.

"ಅಜ್ಜಿ ಕತೇಲಿ ರಾಕ್ಷಸನ ಪ್ರಾಣ ಏಳು ಸಮುದ್ರದ ಆಚೆ ಗಿಳಿಯ ಹೊಟ್ಟೇಲಿ ಇರುತ್ತಲ್ಲ ಮಾವ, ಹಾಗೆ. ಹಳೇ ಕಂಪ್ಯೂಟರಿನ ಪ್ರಾಣ ತೆಗೆದು ಹೊಸದರ ಹೊಟ್ಟೇಲಿ ಇಟ್ಟಿದ್ದೀನಿ."

"ಗಿಳಿ ಕಾಯಿಲೆ ಬಿದ್ರೆ?"

"ಅದಕ್ಕೇ ಸ್ನ್ಯಾಪ್‌ಶಾಟ್ ಅಂತ ಇದೆ. ಗಿಳಿ ಆರೋಗ್ಯವಾಗಿರೋವಾಗ್ಲೇ ಆ ಗಳಿಗೇನ ಹಿಡಿದಿಡೋದು. ಏನಾದ್ರೂ ಎಡವಟ್ಟಾದ್ರೆ ಆ ಗಳಿಗೆಗೆ ವಾಪಸ್ ಹೋಗೋದು."

"ಅಂದ್ರೆ ಕಾಲವೇ ಹಿಂದಕ್ಕೆ ಹೋಗತ್ತೆ!"

"ಕಂಪ್ಯೂಟರಿನ ಮಟ್ಟಿಗೆ," ಅಂದಿದ್ದ ಕಂಪ್ಯೂಟರಣ್ಣ. ಆದರೆ ಮಾವನ ಕಣ್ಣು ಅಷ್ಟರಲ್ಲಾಗಲೇ ಏಳು ಸಮುದ್ರದ ಆಚೆ ಹೋಗಿಬಿಟ್ಟಿತ್ತು. ಆ ಕೊನೆಯ ಮಾತು ಅವರ ಕಿವಿಗೆ ಬೀಳಲಿಲ್ಲ.

ಇಷ್ಟೆಲ್ಲ ಮಾಡಿಯೂ ರಜೆ ಸುಲಭಕ್ಕೆ ಸಿಗಲಿಲ್ಲ. ಕಚೇರಿಯ ಮುಖ್ಯಸ್ಥೆ ಮೇಡಂ, ಕತೆಯ ರಾಜ ರಾಜಕುಮಾರಿಯ ಕೈಹಿಡಿಯಲು ಬಂದವನಿಗೆ ಹಾಕುವಂಥ ಒಂದು ಷರತ್ತು ಹಾಕಿದರು. "ನೀವಿಲ್ಲದೆ ಹತ್ತು ದಿನ ನಡೆಯತ್ತೆ ಅಂತ ನಾನು ಹೇಗೆ ನಂಬಲಿ? ಒಂದು ದಿನ ಪರೀಕ್ಷೆ ಮಾಡೋಣ. ನಿಮ್ಮ ಉಪಾಯಗಳನ್ನೆಲ್ಲ ಒಂದು ಹಾಳೇಲಿ ಬರೆದು ಅಂಟಿಸಿ. ನೀವು ಇಲ್ಲೇ ಒಂದು ಕುರ್ಚಿ ಹಾಕ್ಕೊಂಡು ಕೂತಿರಿ. ಕಂಪ್ಯೂಟರ್ ಮುಟ್ಟೋ ಹಾಗಿಲ್ಲ, ಅದರ ಬಗ್ಗೆ ತುಟಿ ಬಿಚ್ಚೋ ಹಾಗಿಲ್ಲ, ಕಣ್ಸನ್ನೆ ಮಾಡೋ ಹಾಗಿಲ್ಲ. ಸಂಜೆ ಐದರ ತನಕ ಯಾರೂ ನಿಮ್ಮನ್ನ ಸಹಾಯಕ್ಕೆ ಕರೀದೇ ಇದ್ರೆ ರಜೆ. ಒಂದೇ ಒಂದು ಸಲ ಕರೆದ್ರೆ, ಇಲ್ಲ."

ಹೀಗೆ ಬೆಳಗ್ಗೆ ಒಂಬತ್ತಕ್ಕೆ ಕಂಪ್ಯೂಟರಣ್ಣ ಹಜಾರದ ನಡುವೆ, ಕೌಂಟರಿಗೆ ಮುಖ ಮಾಡಿ, ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಎದುರಿಗೆ ಗೋಡೆಯ ಮೇಲೆ ಅವನ ಹಾಳೆ. ಕೆಟ್ಟರೆ ಆರಿಸಿ, ಹತ್ತು ಎಣಿಸಿ, ಮತ್ತೆ ಹಚ್ಚಿ. ತಂತಿಗಳೆಲ್ಲ ಗಟ್ಟಿಯಾಗಿ ಕೂತಿವೆಯೇ ನೋಡಿ. ಪರದೆಯ ಮೇಲೆ ಬಂದದ್ದನ್ನು ಓದದೆ ಒತ್ತಬೇಡಿ. ಜಾಗ ಸಾಲದಿದ್ದರೆ ಬೇಡದ್ದನ್ನು ತೆಗೆಯಿರಿ. ಕೊನೆಯದನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದ: ಏನನ್ನೇ ಮಾಡುವ ಮುಂಚೆ ಸ್ನ್ಯಾಪ್‌ಶಾಟ್, ಎಡವಟ್ಟಾದರೆ ಸ್ನ್ಯಾಪ್‌ಶಾಟಿಗೆ ವಾಪಸ್.

ಒಂಬತ್ತೂ ಹತ್ತಕ್ಕೆ ಮಾವ ಶಾಸ್ತ್ರೋಕ್ತವಾಗಿ ಮೊದಲ ಸ್ನ್ಯಾಪ್‌ಶಾಟ್ ತೆಗೆದು ಅದಕ್ಕೆ 'ಬೆಳಗಿನ ಗಿಳಿ' ಎಂದು ಹೆಸರಿಟ್ಟರು.

ಒಂಬತ್ತೂ ಇಪ್ಪತ್ತಕ್ಕೆ ಕೌಂಟರಿನ ಪರದೆ ಕಪ್ಪಾಯಿತು. ಕೌಂಟರಿನಲ್ಲಿ ಕೂರುವ ಅಕ್ಕ ಆರು ವರ್ಷದ ಅಭ್ಯಾಸಬಲದಿಂದ ಬಾಯಿ ತೆರೆದಳು. "ಕಂಪ್ಯೂ—"

ಹಜಾರವೆಲ್ಲ ಉಸಿರು ಬಿಗಿಹಿಡಿಯಿತು. ತಮ್ಮ ಕೋಣೆಯ ಬಾಗಿಲಲ್ಲಿ ಮೇಡಂ ಕಾಣಿಸಿಕೊಂಡರು.

"ಕಂಪ್ಯೂಟರ್ ಇವತ್ತು ಎಷ್ಟು ಚೆನ್ನಾಗಿದೆ ಅಂತಿದ್ದೆ ಮೇಡಂ," ಅಂದಳು ಅಕ್ಕ, ಕಪ್ಪು ಪರದೆಯನ್ನು ಸವರುತ್ತ.

ಮೇಡಂ ಒಳಗೆ ಹೋದರು. ಅಕ್ಕ ಹಾಳೆ ನೋಡಿದಳು. ಮಾವ ಮೇಜಿನ ಕೆಳಗೆ ನುಗ್ಗಿ, ತಂತಿ ಎಂದು ಕಂಡದ್ದನ್ನೆಲ್ಲ ಕಿತ್ತು ಮತ್ತೆ ಚುಚ್ಚಿದರು. ಫ್ಯಾನು ನಿಂತು ತಿರುಗಿತು, ಗಡಿಯಾರ ನಿಂತು ನಡೆಯಿತು, ಚಹಾ ಕಾಯಿಸುವ ಕೆಟಲು ಒಮ್ಮೆ ಬೆಚ್ಚಿಬಿದ್ದಿತು. ಕೊನೆಗೆ ಪರದೆಯೂ ಬಂತು. ಕೌಂಟರಿನಾಚೆ ಕೊಡೆ ಹುಡುಕಿಕೊಂಡು ಬಂದಿದ್ದ ಮುದುಕರು ಚಪ್ಪಾಳೆ ತಟ್ಟಿದರು. ಕಂಪ್ಯೂಟರಣ್ಣ ಬಿಗಿಹಿಡಿದಿದ್ದ ಉಸಿರು ಬಿಟ್ಟ. ಕಣ್ಣಂಚಿನಲ್ಲಿ ನೀರು ಬಂದಿತ್ತು. ಅದು ಕಣ್ಸನ್ನೆಯಾದೀತೆಂದು ಹೆದರಿ ಒರೆಸಿಕೊಂಡ.

ಹತ್ತೂವರೆಗೆ ಹೆಂಡತಿಯ ಫೋನು. "ಕರೆದ್ರಾ?"

"ಇಲ್ಲ."

"ಒಂದ್ಸಲವೂ?"

"ಅರ್ಧ ಕರೆದ್ರು. ಲೆಕ್ಕಕ್ಕಿಲ್ಲ."

"ಮಗಳು ಚೀಲ ತುಂಬ್ತಾ ಇದ್ದಾಳೆ. ಪೂರ್ತಿ ತುಂಬ್ಲೋ ಅರ್ಧ ತುಂಬ್ಲೋ ಅಂತ ಕೇಳ್ತಿದ್ದಾಳೆ. ಹೋದ ಸಲ ವಾಪಸ್ ಬಂದು ಮಡಚಿಡೋದು ಕಷ್ಟ ಆಯ್ತಂತೆ."

"ಪೂರ್ತಿ ತುಂಬಕ್ಕೆ ಹೇಳು," ಅಂದ ಕಂಪ್ಯೂಟರಣ್ಣ, ತನಗೇ ಅಚ್ಚರಿಯಾಗುವಷ್ಟು ಧೈರ್ಯದಿಂದ.

ಮಧ್ಯಾಹ್ನದ ಹೊತ್ತಿಗೆ ಹಾಳೆಗೆ ಕಚೇರಿಯಲ್ಲಿ ಮಂತ್ರದ ಮರ್ಯಾದೆ ಬಂದಿತ್ತು. ಏನೇ ಕೆಡಲಿ, ಆರಿಸಿ ಹತ್ತು ಎಣಿಸುವುದು. ಕೌಂಟರಿನಾಚೆಯ ಸಾಲಿನಲ್ಲಿ ನಿಂತವರೂ ದನಿಗೂಡಿಸಿ ಎಣಿಸತೊಡಗಿದರು. ಎಡಗಾಲಿನ ಬೂಟು ಕಳೆದುಕೊಂಡಿದ್ದ ಒಬ್ಬ ಮನುಷ್ಯ ಬಂದು, ತನಗೆ ಬಲಗಾಲಿನದು ಕೊಡುತ್ತಿದ್ದಾರೆ ಎಂದು ಕೌಂಟರ್ ಗುದ್ದಿ ಕೂಗಾಡಿದ. ಅಕ್ಕ ಅವನನ್ನು ಒಂದು ಗಳಿಗೆ ನೋಡಿ, ಹಾಳೆಯನ್ನು ನೋಡಿ, "ಸ್ವಾಮಿ, ಒಂದು ಸಲ ಆಚೆ ಹೋಗಿ, ಹತ್ತು ಎಣಿಸಿ, ಮತ್ತೆ ಬನ್ನಿ," ಅಂದಳು.

ಆತ ತಬ್ಬಿಬ್ಬಾಗಿ ಹೊರಗೆ ಹೋದ. ಹತ್ತು ಎಣಿಸುವಾಗ ತನ್ನ ಕಾಲು ನೋಡಿಕೊಂಡಿರಬೇಕು. ಒಳಗೆ ಬಂದವನು ಮೆಲ್ಲಗೆ, "ಅಕ್ಕಾ, ಬಲಗಾಲಿನದೇ," ಎಂದು ಬೂಟು ತೆಗೆದುಕೊಂಡು ಹೋದ.

"ನೋಡಿ!" ಅಂದರು ಮಾವ, "ಮನುಷ್ಯರಿಗೂ ಕೆಲಸ ಮಾಡತ್ತೆ!"

ಕಂಪ್ಯೂಟರಣ್ಣ ಕುರ್ಚಿಯಲ್ಲಿ ಒಳಗೊಳಗೇ ಹಿಗ್ಗಿದ. ಆರು ವರ್ಷ ತನ್ನ ಬೆನ್ನಿಗೆ ಅಂಟಿಕೊಂಡಿದ್ದ ಕಚೇರಿ ತಾನಾಗಿ ಎದ್ದು ನಿಂತು ಹೆಜ್ಜೆ ಇಡುತ್ತಿತ್ತು. ಅವನಿಗೆ ಒಂದೇ ಒಂದು ಚಿಂತೆ: ಮಾವ.

ಮಾವ ಸ್ನ್ಯಾಪ್‌ಶಾಟಿನ ರುಚಿ ಹತ್ತಿಸಿಕೊಂಡಿದ್ದರು. ಹಾಳೆಯಲ್ಲಿ 'ಏನನ್ನೇ ಮಾಡುವ ಮುಂಚೆ' ಎಂದು ಬರೆದಿತ್ತಷ್ಟೆ? ಅವರು ಏನನ್ನೇ ಮಾಡುವ ಮುಂಚೆಯೂ ತೆಗೆದರು. ಕೊಡೆ ಕೊಡುವ ಮುಂಚೆ, ಕೊಡೆ ಕೊಟ್ಟ ಮೇಲೆ. ಮೇಡಂ ಬರುವ ಮುಂಚೆ, ಮೇಡಂ ಹೋದ ಮೇಲೆ. ಊಟದ ಡಬ್ಬಿ ಬಿಚ್ಚುವ ಮುಂಚೆ ಒಂದು, ಕೈ ತೊಳೆದ ಮೇಲೆ ಒಂದು. ಒಂದೊಂದಕ್ಕೂ ಹೆಸರು: 'ಗಿಳಿ ಗುಂಡಗಿದೆ', 'ಇನ್ನೂ ಗುಂಡಗಿದೆ', 'ಹಸಿದ ಗಿಳಿ', 'ಉಂಡ ಗಿಳಿ'. ಮೂರು ಗಂಟೆಯ ಹೊತ್ತಿಗೆ ಯಂತ್ರದೊಳಗೆ ಮೂವತ್ತೊಂದು ಗಿಳಿಗಳು ಕಿಕ್ಕಿರಿದಿದ್ದವು.

ಮೂರೂ ಹತ್ತಕ್ಕೆ ಪರದೆಯ ಮೇಲೆ ಒಂದು ಹಳದಿ ಚೌಕ ಎದ್ದಿತು. ಅಕ್ಕ ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿದಳು. ಒಳಗೆ ಜಾಗವಿಲ್ಲ, ಇನ್ನು ಮುಂದೆ ಏನನ್ನೂ ಬರೆಯಲಾಗದು ಎಂಬುದು ಅದರ ಸಾರ.

ಕಂಪ್ಯೂಟರಣ್ಣನಿಗೆ ತಟ್ಟನೆ ಅರ್ಥವಾಯಿತು. ಗಿಳಿಗಳೇ ಜಾಗ ತಿಂದಿವೆ. ಹಳೆಯವನ್ನೆಲ್ಲ ತೆಗೆದು, ಎಲ್ಲಕ್ಕಿಂತ ಹೊಸದೊಂದನ್ನು ಉಳಿಸಿಕೊಂಡರೆ ಸಾಕು. ಇಷ್ಟೇ. ಅವನು ಕೆಮ್ಮಿದ.

ಕೋಣೆಯೊಳಗಿಂದ ಮೇಡಂ ದನಿ ಬಂತು. "ಅದು ಕಂಪ್ಯೂಟರ್ ಬಗ್ಗೆ ಕೆಮ್ಮಿದ್ದಾ, ಗಂಟಲ ಬಗ್ಗೆ ಕೆಮ್ಮಿದ್ದಾ?"

"ಗಂಟಲ ಬಗ್ಗೆ ಮೇಡಂ."

"ನೀರು ಕುಡೀರಿ."

ಅವನು ನೀರು ಕುಡಿದ. ಅಕ್ಕ ಹಾಳೆಯ ಮೇಲೆ ಬೆರಳಿಟ್ಟು, "ಜಾಗ ಸಾಲದಿದ್ದರೆ ಬೇಡದ್ದನ್ನು ತೆಗೆಯಿರಿ," ಎಂದು ಓದಿದಳು. "ಮಾವ, ಈ ಗಿಳಿಗಳಲ್ಲಿ ಬೇಡದ್ದು ಯಾವುದು?"

ಮಾವ ಗಡ್ಡ ನೀವಿಕೊಂಡರು. ಮಕ್ಕಳಲ್ಲಿ ಯಾರನ್ನು ಬಿಡಲಿ ಎನ್ನುವಂಥ ಸಂಕಟ ಅವರ ಮುಖದಲ್ಲಿತ್ತು. "ನೋಡು ಸೊಸೇ, ಮಧ್ಯಾಹ್ನದ ಗಿಳಿಗಳೆಲ್ಲ ದಣಿದಿವೆ. ಬೆಳಗಿನದು ಇದೆಯಲ್ಲ, ಅದು ಸ್ನಾನ ಮಾಡಿ ಬಂದ ಹಾಗೆ ಇದೆ. ಒಂದು ಎಡವಟ್ಟೂ ಆಗಿಲ್ಲದ ಗಳಿಗೆ ಅದೊಂದೇ. ಅದನ್ನ ಇಟ್ಕೊಂಡು ಉಳಿದಿದ್ದನ್ನೆಲ್ಲ ತೆಗಿ."

ಕಂಪ್ಯೂಟರಣ್ಣ ಇನ್ನೊಂದು ಲೋಟ ನೀರು ಕುಡಿದ. ಅಕ್ಕ ಒಂದೊಂದಾಗಿ ಮೂವತ್ತು ಗಿಳಿಗಳನ್ನು ಹಾರಿಬಿಟ್ಟಳು. ಹಳದಿ ಚೌಕ ಮಾಯವಾಯಿತು. ದಿನದ ಲೆಕ್ಕಕ್ಕೆ ಏನೂ ಆಗಿರಲಿಲ್ಲ, ಕೆಲಸ ಮತ್ತೆ ಸರಾಗವಾಗಿ ಸಾಗಿತು. ಅವನು ತನಗೇ ಸಮಾಧಾನ ಹೇಳಿಕೊಂಡ. ಹಿಂದಕ್ಕೆ ಹೋಗದಿದ್ದರಾಯಿತು. ಇನ್ನು ಎರಡು ಗಂಟೆಗೂ ಕಡಿಮೆ. ಅಷ್ಟರಲ್ಲಿ ಹಿಂದಕ್ಕೆ ಹೋಗುವಂಥದ್ದು ಏನು ತಾನೆ ಆದೀತು?

ಮೂರೂವರೆಗೆ ಹೆಂಡತಿ. "ಬದುಕಿದ್ದೀರಾ?"

"ಇದ್ದೀನಿ. ಮಾತಾಡೋ ಹಾಗಿಲ್ಲ."

"ನನ್ನ ಜೊತೇನೂ?"

"ನಿನ್ನ ಜೊತೆ ಮಾತಾಡ್ತಾ ಗಿಳಿ ಅಂದ್ರೂ ಸನ್ನೆ ಅಂದ್ಕೋತಾರೆ."

"ಯಾವ ಗಿಳಿ?"

"ಬಂದು ಹೇಳ್ತೀನಿ," ಅಂದ ಅವನು.

ನಾಲ್ಕೂ ನಲವತ್ತಕ್ಕೆ ಮೇಡಂ ತಾವಾಗಿ ಹೊರಗೆ ಬಂದರು. ಮುಖದಲ್ಲಿ ಅಪರೂಪದ ಕಳೆ. "ಇವತ್ತು ಇನ್ನೂರ ಹನ್ನೊಂದು ಸಾಮಾನು ದಾಖಲಾಗಿದೆ. ನೀವು ಕೆಲಸ ಮಾಡ್ತಿದ್ದ ದಿನಗಳಲ್ಲೂ ಇಷ್ಟು ಆಗಿರ್ಲಿಲ್ಲ," ಅಂದರು. ಕಂಪ್ಯೂಟರಣ್ಣನಿಗೆ ಹಿಗ್ಗಬೇಕೋ ಕುಗ್ಗಬೇಕೋ ತಿಳಿಯಲಿಲ್ಲ. "ಐದಾಗೋ ತನಕ ಕಾಯೋದೇನೂ ಬೇಡ. ಸಿಬ್ಬಂದಿಯ ರಜೆ ಪಟ್ಟಿ ಐದಕ್ಕೆ ಸರಿಯಾಗಿ ಇದೇ ಯಂತ್ರದಿಂದ ತಾನಾಗಿ ಮುಖ್ಯ ಕಚೇರಿಗೆ ಹೋಗತ್ತೆ. ಅಷ್ಟರೊಳಗೆ ನಿಮ್ಮ ಹೆಸರು ಏರಿಸಿಬಿಡ್ತೀನಿ. ಆದ್ರೆ ನೆನಪಿರ್ಲಿ, ಐದರೊಳಗೆ ಯಾರಾದ್ರೂ ಕರೆದ್ರೆ ಅಳಿಸ್ತೀನಿ."

ಅಕ್ಕನ ಕುರ್ಚಿಯಲ್ಲಿ ಕೂತು ಮೇಡಂ ಹತ್ತು ದಿನದ ರಜೆಯನ್ನು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಪರದೆಯ ಮೇಲೆ ಅವನ ಹೆಸರು ಮೂಡಿತು, ಸಂಬಳದ ಚೀಟಿಯ ಆಚೆ ಮೊದಲ ಸಲ. ಪಕ್ಕದಲ್ಲಿ 'ಮಂಜೂರು' ಎಂದಿತ್ತು. ಕಂಪ್ಯೂಟರಣ್ಣನಿಗೆ ಅದನ್ನು ನೋಡುತ್ತ ರೈಲಿನ ಚಕ್ರದ ಸದ್ದು ಕೇಳಿಸಿತು. ಕಿಟಕಿಯಾಚೆ ಬೆಟ್ಟಗಳು ಮಂಜಿನಲ್ಲಿ ಈಜುತ್ತ ಹಿಂದಕ್ಕೆ ಹೋಗುತ್ತಿದ್ದವು.

"ಆದೇಶದ ಪ್ರತಿ ಒಂದು ಕೈಯಲ್ಲಿರ್ಲಿ," ಎಂದು ಅಕ್ಕ ಪ್ರಿಂಟ್ ಒತ್ತಿದಳು. ಪ್ರಿಂಟರು ಒಂದು ಹಾಳೆಯನ್ನು ನುಂಗಿ ಬಿಳಿಯಾಗಿಯೇ ಉಗುಳಿತು. ಮತ್ತೆ ಒತ್ತಿದಳು. ಮತ್ತೆ ಬಿಳಿ.

ಗಂಟೆ ನಾಲ್ಕೂ ಐವತ್ತು.

ತಂತಿ ನೋಡಿದರು. ಆರಿಸಿ ಹತ್ತು ಎಣಿಸಿದರು. ಸಾಲಿನಲ್ಲಿದ್ದವರು ಈ ಸಲ ರಾಗವಾಗಿ ಎಣಿಸಿದರು. ಬಿಳಿ ಹಾಳೆಯೇ ಬಂತು. ಎಲ್ಲರ ಕಣ್ಣೂ ಕುರ್ಚಿಯ ಕಡೆ ಹೊರಳಿ, ಮೇಡಂ ಅವರನ್ನು ಕಂಡು ಹಾಗೇ ವಾಪಸಾದವು. ಪ್ರಿಂಟರಿನ ಶಾಯಿ ಮುಗಿದಿದೆ ಎಂಬುದು ಕಂಪ್ಯೂಟರಣ್ಣನಿಗೆ ಕೂತಲ್ಲಿಂದಲೇ ಗೊತ್ತಾಗಿತ್ತು. ಶಾಯಿಯ ಡಬ್ಬಿ ಅವನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಆದರೆ ಶಾಯಿಯೂ ಕಂಪ್ಯೂಟರಿನ ವಿಷಯವೇ.

ಮಾವ ಅಂಗಿಯ ತೋಳು ಮಡಚಿದರು. "ಬೆಳಗ್ಗೆ ಪ್ರಿಂಟರ್ ಚೆನ್ನಾಗಿತ್ತು ತಾನೆ, ಸೊಸೇ?"

"ಚೆನ್ನಾಗೇ ಇತ್ತು ಮಾವ."

"ಹಾಗಾದ್ರೆ ಬೆಳಗ್ಗೆಗೇ ಹೋಗೋಣ."

ಕಂಪ್ಯೂಟರಣ್ಣನ ಎದೆಯಲ್ಲಿ ರೈಲು ಗಕ್ಕನೆ ನಿಂತಿತು. ಅಕ್ಕ ಬೆಳಗಿನ ಗಿಳಿಯ ಮೇಲೆ ಒತ್ತಿದಳು. ಕೆಂಪು ಚೌಕವೊಂದು ಎದ್ದಿತು. ಹಾಳೆಯ ಮಾತು ಮೀರದ ಅಕ್ಕ ಅದನ್ನೂ ಪೂರ್ತಿ ಓದಿದಳು. "ಈ ಗಳಿಗೆಯ ನಂತರ ಆದದ್ದೆಲ್ಲ ಶಾಶ್ವತವಾಗಿ ಅಳಿಸಿಹೋಗುತ್ತದೆ. ಮುಂದುವರಿಯಲೇ?"

ಹಜಾರ ಗಂಭೀರವಾಯಿತು. ಮಾವ ಬಹಳ ಯೋಚಿಸಿದರು. "ಆ ಗಳಿಗೆಯ ನಂತರ ಆದದ್ದು ಅಂದ್ರೆ ಏನು? ಪ್ರಿಂಟರ್ ಕೆಟ್ಟಿದ್ದು! ಅದೇ ತಾನೆ ಅಳಿಸಿಹೋಗ್ಬೇಕಾಗಿರೋದು? ಎಷ್ಟು ಚೆನ್ನಾಗಿ ಬರೆದಿದ್ದಾರೆ. ಒತ್ತು."

ಕಂಪ್ಯೂಟರಣ್ಣ ಕುರ್ಚಿಯಿಂದ ಅರ್ಧ ಎದ್ದ. ಬಾಯಿ ಬಿಟ್ಟರೆ ರಜೆ ಹೋಯಿತು, ಬಿಡದಿದ್ದರೂ ಹೋಯಿತು. ಎರಡರ ನಡುವೆ ಅವನು ಬಾಗಿದ ಮೊಳೆಯ ಹಾಗೆ ನಿಂತ. ಕೊನೆಗೆ, ಹೋದರೆ ತನ್ನೊಬ್ಬನ ರಜೆ ಹೋಗಲಿ, ಎಲ್ಲರ ದಿನ ಉಳಿಯಲಿ ಎಂದು ನಿಶ್ಚಯಿಸಿ ಬಾಯಿ ತೆರೆದ. "ಅಯ್ಯೋ, ಅದನ್ನ—"

ಮುಂದಿನ ಮಾತು ಹೊರಬರಲಿಲ್ಲ. ಆ ವಯಸ್ಸಿನವರಿಂದ ಯಾರೂ ನಿರೀಕ್ಷಿಸದ ವೇಗದಲ್ಲಿ ಮಾವ ಹಾರಿ ಬಂದು ಅವನ ಬಾಯಿಗೆ ಅಂಗೈ ಒತ್ತಿದ್ದರು. "ಅಳಿಯಂದ್ರೇ, ನಿಮ್ಮ ದಮ್ಮಯ್ಯ! ಇನ್ನು ಎಂಟೇ ನಿಮಿಷ! ಒಂದು ಮಾತು ಆಡಿದ್ರೆ ರಜೆ ಹೋಗತ್ತೆ!" ಎಂದು ಕಿವಿಯಲ್ಲಿ ಪಿಸುಗುಟ್ಟಿದರು. ಅವರ ಕಣ್ಣು ತುಂಬಿ ಬಂದಿತ್ತು. "ಕೂತ್ಕೊಳ್ಳಿ. ನಾವಿದ್ದೀವಿ."

ಮೇಡಂ ಗಡಿಯಾರ ನೋಡಿ, "ಅಯ್ಯೋ ಅನ್ನೋದನ್ನ ನಾನು ಲೆಕ್ಕಕ್ಕೆ ತಗೊಳ್ಳಲ್ಲ," ಎಂದು ಉದಾರವಾಗಿ ಹೇಳಿದರು.

ಅಕ್ಕ ಒತ್ತಿದಳು.

ನಾಲ್ಕೂ ಐವತ್ತಾರಕ್ಕೆ ಪರದೆ ಮತ್ತೆ ಬೆಳಗಿತು, ಬೆಳಗಿನ ಒಂಬತ್ತೂ ಹತ್ತರಷ್ಟು ಹೊಳಪಾಗಿ, ಶುಭ್ರವಾಗಿ, ಖಾಲಿಯಾಗಿ. ಇದೇ ಹೊತ್ತಿಗೆ, ತಂತಿ ನೋಡಲೆಂದು ಮಾವ ಅತ್ತಿತ್ತ ಅಲುಗಾಡಿಸಿದ್ದ ಪ್ರಿಂಟರಿನಲ್ಲಿ ತಳಕ್ಕೆ ಅಂಟಿದ್ದ ಶಾಯಿ ಸ್ವಲ್ಪ ಕೆಳಗಿಳಿದಿರಬೇಕು. ಅಕ್ಕ ಪರೀಕ್ಷೆಗೆಂದು ಒಂದು ಹಾಳೆ ಬಿಟ್ಟಳು. ಮಬ್ಬಾಗಿಯಾದರೂ ಅಕ್ಷರ ಬಂದವು.

"ಬಂತು!" ಕಚೇರಿಯೇ ಕುಣಿಯಿತು. ಮಾವ ಅಕ್ಕನಿಗೆ ಕೈಕುಲುಕಿದರು, ಅಕ್ಕ ಮೇಡಂಗೆ ಕೈಕುಲುಕಿದಳು. ಸಾಲಿನಲ್ಲಿದ್ದವರು ಪರಸ್ಪರ ಕೈಕುಲುಕಿದರು.

ನಾಲ್ಕು ನಿಮಿಷ ಉಳಿದಿತ್ತು. ಮೇಡಂ ಅಳಿಸಿಹೋದ ಹೆಸರನ್ನು ಇನ್ನೊಂದು ಸಲ ಏರಿಸಿದರೆ ಸಾಕಿತ್ತು. ಕಂಪ್ಯೂಟರಣ್ಣನ ಬಾಯಿ ಈಗ ಮಾವನ ಕೈಯಿಂದ ಬಿಡುಗಡೆಯಾಗಿತ್ತು. "ಮೇಡಂ, ನನ್ನ ಹೆಸರು ಇನ್ನೊಂದು ಸಲ—"

"ಶ್‌ಶ್!" ಅಂದಿತು ಇಡೀ ಹಜಾರ.

"ಪಾಪ, ತಡ್ಕೊಳ್ಳೋಕೆ ಆಗ್ತಿಲ್ಲ ಅವರಿಗೆ," ಅಂದಳು ಅಕ್ಕ.

ಅವನು ಪರದೆಯ ಕಡೆಗೆ ಕಣ್ಣು ಹೊರಳಿಸಿದ. ಹುಬ್ಬು ಎತ್ತಿದ. ಗದ್ದದಿಂದ ತೋರಿಸಿದ. ಮೇಡಂ ತಲೆಯಾಡಿಸಿ, "ಇಷ್ಟು ಹೊತ್ತು ಚೆನ್ನಾಗಿ ಕೂತಿದ್ದು ಈಗ ಕೆಡಿಸ್ಕೋಬೇಡಿ. ಮಾವ, ಇವರ ಕುರ್ಚಿ ಗೋಡೆ ಕಡೆ ತಿರುಗಿಸಿ," ಅಂದರು.

ಮಾವ ಕುರ್ಚಿಯನ್ನು ಅವನ ಸಮೇತ, ತೊಟ್ಟಿಲು ತಿರುಗಿಸುವಷ್ಟು ನಯವಾಗಿ ತಿರುಗಿಸಿದರು. ಕಂಪ್ಯೂಟರಣ್ಣ ಸುಣ್ಣದ ಗೋಡೆಯನ್ನು ನೋಡುತ್ತ ಕುಳಿತ. ಬೆನ್ನ ಹಿಂದೆ ಜನ ಈ ಸಲ ಅರುವತ್ತರಿಂದ ಕೆಳಗೆ ಎಣಿಸುತ್ತಿದ್ದರು. ಐದಾಯಿತು. ಗಂಟೆ ಹೊಡೆಯಿತು. ಯಂತ್ರ ಒಮ್ಮೆ ಗುಂಯ್ ಎಂದು ರಜೆಯ ಪಟ್ಟಿಯನ್ನು ಮುಖ್ಯ ಕಚೇರಿಗೆ ಕಳಿಸಿಕೊಟ್ಟಿತು.

"ಪಾಸು!" ಅಂದರು ಮೇಡಂ. "ಒಂದು ಸಲವೂ ಕರೀಲಿಲ್ಲ. ನಾನೇ ಸಾಕ್ಷಿ. ಈಗ ಮಾತಾಡಿ, ಏನೋ ಹೇಳ್ಬೇಕಂತಿದ್ರಲ್ಲ."

ಕಂಪ್ಯೂಟರಣ್ಣ ಗೋಡೆಯನ್ನೇ ನೋಡುತ್ತ ಹೇಳಿದ. "ಏನಿಲ್ಲ ಮೇಡಂ. ಪರದೆ ಒಂದ್ಸಲ ನೋಡಿ."

ಎಲ್ಲರೂ ನೋಡಿದರು. ಬೆಳಗ್ಗೆ ಕೊಡೆ ಒಯ್ದ ಮುದುಕರ ಕೊಡೆ ಇನ್ನೂ ಕಪಾಟಿನಲ್ಲಿದೆ ಎಂದಿತ್ತು. ಬಲಗಾಲಿನ ಬೂಟು ಇನ್ನೂ ಗೂಡಿನಲ್ಲಿತ್ತು. ಆ ದಿನ ಬಸ್ಸುಗಳಿಂದ ಬಂದ ಡಬ್ಬಿ, ಚೀಲ, ಟೋಪಿಗಳ ಸುಳಿವೇ ಇರಲಿಲ್ಲ. ಅಕ್ಕ ಮೇಲೆ ಕೆಳಗೆ ಹುಡುಕಿದಳು. ಆಮೇಲೆ ಆರು ವರ್ಷದ ಅಭ್ಯಾಸದಂತೆ, ಕಳೆದವರು ಬಂದಾಗ ತುಂಬುವ ನಮೂನೆಯ ಕಾಗದವೊಂದನ್ನು ಎಳೆದುಕೊಂಡು ಪೆನ್ನು ತೆರೆದಳು.

"ಏನು ಕಳೆದಿದೆ?"

"ಒಂದು ದಿನ," ಅಂದ ಕಂಪ್ಯೂಟರಣ್ಣ.

"ಕೊನೇ ಸಲ ಯಾವಾಗ ನೋಡಿದ್ದು?"

"ನಾಲ್ಕೂ ಐವತ್ತೆರಡಕ್ಕೆ."

"ಗುರುತು ಏನಾದ್ರೂ?"

"ಅದರಲ್ಲಿ ನನ್ನ ಹತ್ತು ದಿನ ರಜೆ ಇತ್ತು."

ಅಕ್ಕನ ಪೆನ್ನು ನಿಂತಿತು. ಮಾವ ಮೆಲ್ಲಗೆ ಹತ್ತಿರದ ಕಪಾಟಿಗೆ ಒರಗಿದರು. ಮೇಡಂ ಮಾತ್ರ ಶಾಂತವಾಗಿದ್ದರು. ಕಚೇರಿಯ ಮುಖ್ಯಸ್ಥರಾಗಲು ಬೇಕಾದದ್ದು ಅದೊಂದೇ ಗುಣವೋ ಏನೋ.

"ಈಗ ನಿಮ್ಮ ಹೆಸರಿಲ್ಲದ ಪಟ್ಟಿ ಹೋಗಿಬಿಟ್ಟಿದೆ. ಮುಂದಿನ ಪಟ್ಟಿ ನಾಳೆ ಐದಕ್ಕೆ. ಅಲ್ಲೀವರೆಗೆ ನೀವು ರಜೆ ಮೇಲೆ ಹೋದ್ರೆ ಅದು ಹೇಳದೆ ಕೇಳದೆ ಗೈರುಹಾಜರಿ ಆಗತ್ತೆ."

"ಆದ್ರೆ ಪರೀಕ್ಷೇಲಿ ನಾನು ಪಾಸಾದೆ ಮೇಡಂ. ನೀವೇ ಹೇಳಿದ್ರಿ."

"ಹೇಳಿದೆ. ಈಗಲೂ ಹೇಳ್ತೀನಿ. ಆದ್ರೆ ದಾಖಲೆ ಪ್ರಕಾರ ಈಗಿನ್ನೂ ಬೆಳಗ್ಗೆ ಒಂಬತ್ತೂ ಹತ್ತು. ಇನ್ನೂರ ಹನ್ನೊಂದು ಸಾಮಾನು ಬಂದೂ ಇಲ್ಲ, ಹೋಗೂ ಇಲ್ಲ. ಪರೀಕ್ಷೆ ಶುರುವೇ ಆಗಿಲ್ಲ." ಮೇಡಂ ಅವನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು. "ಬೇಜಾರು ಮಾಡ್ಕೋಬೇಡಿ. ನಾಳೆ ಇದನ್ನೆಲ್ಲ ಇನ್ನೊಂದು ಸಲ ಮಾಡೋಣ. ಇವತ್ತು ಇಷ್ಟು ಚೆನ್ನಾಗಿ ಆಗಿದೆ ಅಂದ್ಮೇಲೆ ನಾಳೆ ಏನೂ ಕಷ್ಟ ಇಲ್ಲ."

ಒಬ್ಬೊಬ್ಬರಾಗಿ ಊಟದ ಚೀಲ ಎತ್ತಿಕೊಂಡು ಹೊರಟರು. ಮಾವ ಮಾತ್ರ ಬಾಗಿಲವರೆಗೆ ಹೋಗಿ ತಿರುಗಿ ಬಂದರು. "ಅಳಿಯಂದ್ರೇ, ತಪ್ಪಾಯ್ತು. ಆದ್ರೆ ಒಂದು ಮಾತು. ಏನೇ ಆಗ್ಲಿ, ನಿಮ್ಮನ್ನ ಒಂದ್ಸಲವೂ ಕರೀಲಿಲ್ಲ ನೋಡಿ!" ಅಂದರು. ದನಿಯಲ್ಲಿ ದುಃಖವೂ ಇತ್ತು, ಹೆಮ್ಮೆಯೂ ಇತ್ತು. ಹೆಮ್ಮೆ ಒಂದು ಹಿಡಿ ಜಾಸ್ತಿಯೇ ಇತ್ತು.

ಖಾಲಿ ಹಜಾರದಲ್ಲಿ ಕಂಪ್ಯೂಟರಣ್ಣ ಫೋನು ಹಿಡಿದು ಬಹಳ ಹೊತ್ತು ಕೂತಿದ್ದ. ಕೊನೆಗೆ ಹೆಂಡತಿಗೆ ಹಚ್ಚಿ, ನಡೆದದ್ದನ್ನೆಲ್ಲ ಮೊದಲಿಂದ ಹೇಳಿದ, ಗಿಳಿಗಳನ್ನೂ ಸೇರಿಸಿ. ಅವಳು ಬೈಯುತ್ತಾಳೆ ಎಂದು ಕಾದ. ಅಳುತ್ತಾಳೆ ಎಂದು ಕಾದ. ಆ ಕಡೆಯಿಂದ ಚೀಲದ ಜಿಪ್ಪು ಎಳೆದ ಸದ್ದು ಬಂತು.

"ಸರಿ ಬಿಡಿ. ನಾವಿಬ್ಬರೂ ಹೋಗಿ ಬರ್ತೀವಿ," ಅಂದಳು.

"ಅಂದ್ರೆ? ನಾನಿಲ್ದೆ?"

"ಹ್ಞೂಂ."

"ಹತ್ತು ದಿನ? ನಾನಿಲ್ದೆ ನಡೆಯತ್ತಾ?"

"ನೀವಿಲ್ದೆ ನಡೆಯತ್ತಾ ಅಂತ ಪರೀಕ್ಷೆ ಇಟ್ಟಿರೋದು ನಿಮ್ಮ ಆಫೀಸಿಗೆ," ಅಂದಳು ಹೆಂಡತಿ, ಕೋಪವಿಲ್ಲದೆ, ಗಡಿಬಿಡಿಯಿಲ್ಲದೆ. "ನಾವು ಆರು ವರ್ಷದ ಹಿಂದೇನೇ ಪಾಸು."

ಅಷ್ಟರಲ್ಲಿ ಫೋನು ಕೈ ಬದಲಾಯಿತು. ಮಗಳು ಏದುಸಿರು ಬಿಡುತ್ತಿದ್ದಳು, ಚೀಲದ ಮೇಲೆ ಕೂತು ಮುಚ್ಚಿರಬೇಕು.

"ಅಪ್ಪಾ, ನೀವು ನಿಜವಾಗ್ಲೂ ಬರಲ್ವಾ?"

"ಇಲ್ಲ ಪುಟ್ಟಾ," ಅಂದ ಅವನು. "ತುಂಬ ಬೇಜಾರಾಯ್ತಾ?"

ಮಗಳು ಪ್ರಾಮಾಣಿಕವಾಗಿ ಸ್ವಲ್ಪ ಹೊತ್ತು ಯೋಚಿಸಿದಳು.

"ಹಾಗಾದ್ರೆ ನಿಮ್ಮ ಕಿಟಕಿ ಸೀಟು ನನಗೇ ತಾನೆ?"